ಕಾರಿನ ಮೈಮೇಲಿನ ಸುಳಿಗೆರೆ

ಕಾರಿನ ಬಣ್ಣದ ಮೇಲೆ ಬಿಸಿಲು ಬಿದ್ದಾಗ, ಬೆಳಕು ಹೊಳೆಯುವ ಜಾಗದ ಸುತ್ತ ಜೇಡರಬಲೆಯಂತೆ ಕಾಣುವ ನವಿರಾದ ಗೆರೆಗಳಿಗೆ ಡೀಟೇಲಿಂಗ್ ಅಂಗಡಿಗಳಲ್ಲಿ ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಇವು ನಿಜಕ್ಕೂ ದುಂಡಗಿನ ಗೀರುಗಳಲ್ಲ. ಎಲ್ಲ ದಿಕ್ಕಿಗೂ ಬಿದ್ದ ಸಣ್ಣ ಗೀರುಗಳ ಪೈಕಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಸುಳಿಯಂತೆ ತೋರುತ್ತವೆ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲಿ ಅಡಗಿರುವ ಇವು ಕಪ್ಪು, ಕಡುನೀಲಿ ಕಾರುಗಳಲ್ಲಿ ಎದ್ದು ಕಾಣುತ್ತವೆ.

ಈ ಗೀರುಗಳಲ್ಲಿ ಹೆಚ್ಚಿನವು ಕಾರು ಓಡುವಾಗ ಬೀಳುವುದಿಲ್ಲ, ಒರೆಸುವಾಗ ಬೀಳುತ್ತವೆ. ಬೆಂಗಳೂರಿನ ಇಂದಿರಾನಗರದ ಅಡ್ಡರಸ್ತೆಗಳಲ್ಲಿ ರಾತ್ರಿಯಿಡೀ ಮರದಡಿ ನಿಂತ ಕಾರಿನ ಮೇಲೆ ಬೆಳಗಾಗುವಷ್ಟರಲ್ಲಿ ರಸ್ತೆಯ ದೂಳು, ಕಟ್ಟಡ ಕೆಲಸದ ಸಿಮೆಂಟು ಪುಡಿ, ಹಕ್ಕಿ ಹಿಕ್ಕೆ ಎಲ್ಲವೂ ಕೂತಿರುತ್ತವೆ. ಕಾರು ಒರೆಸುವವರು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ಹತ್ತಾರು ಕಾರು ಮುಗಿಸಬೇಕಾದಾಗ ಮೊದಲ ಕಾರಿನ ಮರಳುಕಣ ಎರಡನೆಯದರ ಬಾನೆಟ್ಟಿಗೆ ಹೋಗುತ್ತದೆ. 2024ರ ಮಾರ್ಚಿನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನೀರು ಉಳಿಸಲೇಬೇಕು, ಸರಿ. ಆದರೆ ದೂಳು ಕೂತ ಬಣ್ಣವನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ತಪ್ಪಿದ್ದಲ್ಲ.

ಗೀರು ಬೀಳುವುದು ಬಣ್ಣಕ್ಕಲ್ಲ, ಅದರ ಮೇಲಿನ ಪಾರದರ್ಶಕ ಪದರಕ್ಕೆ. ಇಂದಿನ ಬಹುಪಾಲು ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಸುಮಾರು 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದೂ ಇದೇ ಪದರ. ಪಾಲಿಷ್ ಎಂದರೆ ಗೀರು ತುಂಬಿಸುವುದಲ್ಲ. ಗೀರಿನ ತಳ ಸಿಗುವವರೆಗೆ ಸುತ್ತಲಿನ ಪದರವನ್ನೇ ತೆಳುಮಾಡುವುದು. ಒಂದು ಸಲದ ಪಾಲಿಷಿಗೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಹಾಗಾಗಿ ವರ್ಷಕ್ಕೆರಡು ಸಲ ರಬ್ಬಿಂಗ್ ಪಾಲಿಷ್ ಮಾಡಿಸುವ ರೂಢಿ ಕಾರಿಗೆ ಹಿತವಲ್ಲ.

ಪಾಲಿಷ್ ಮೆಷಿನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ರೋಟರಿಯಲ್ಲಿ ಪ್ಯಾಡ್ ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ ಸುಮಾರು 600ರಿಂದ 3,000 ಸುತ್ತು ತಿರುಗುತ್ತದೆ. ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜುಗಳಲ್ಲಿ ಕಾಣುವುದು ಇದೇ. ಬೇಗ ಕೆಲಸವಾಗುತ್ತದೆ, ಆದರೆ ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ. ಕೈ ಪಳಗದವರು ಹಿಡಿದರೆ ಹಳೆಯ ಗೀರಿನ ಜಾಗದಲ್ಲಿ ಹಾಲೋಗ್ರಾಮ್ ಎಂಬ ಹೊಸ ಪಟ್ಟೆಗಳು ಮೂಡುತ್ತವೆ. ಎರಡನೆಯದು ಡ್ಯುಯಲ್ ಆ್ಯಕ್ಷನ್, ರೂಢಿಯಲ್ಲಿ ಡಿಎ. ಇದರಲ್ಲಿ ಪ್ಯಾಡ್ ತಿರುಗುತ್ತಲೇ ಅಚ್ಚಿನಿಂದ ಸರಿದು ಓಲಾಡುತ್ತದೆ. ಆ ಓಲಾಟ ಸಾಮಾನ್ಯವಾಗಿ 8, 15 ಅಥವಾ 21 ಮಿಲಿಮೀಟರ್. ಬಿಸಿ ಒಂದೆಡೆ ಕೂರುವುದಿಲ್ಲ, ಹೆಚ್ಚಿನ ಡಿಎಗಳಲ್ಲಿ ಜೋರಾಗಿ ಒತ್ತಿದರೆ ಪ್ಯಾಡ್ ತಾನೇ ತಿರುಗುವುದನ್ನು ನಿಲ್ಲಿಸುತ್ತದೆ. ಮನೆಮುಂದೆ ತಮ್ಮ ಕಾರಿಗೆ ತಾವೇ ಪಾಲಿಷ್ ಮಾಡುವವರಿಗೆ ಅಗ್ಗದ ಹೊಸ ರೋಟರಿಗಿಂತ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಡಿಎ ಮೇಲು.

ಹಳೆಯ ಮೆಷಿನ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಪರೀಕ್ಷಿಸದೆ ಕೊಳ್ಳಬಾರದು ಅಷ್ಟೆ. ಮೊದಲು ಪ್ಲಗ್ ತೆಗೆದಿಟ್ಟು ಅಚ್ಚನ್ನು ಬೆರಳಲ್ಲಿ ಹಿಡಿದು ಅಲುಗಿಸಬೇಕು. ಕಟಕಟ ಎಂದರೆ ಬೇರಿಂಗ್ ಸವೆದಿದೆ. ಆಮೇಲೆ ಮೆಷಿನ್ ಚಾಲೂ ಮಾಡಿ ಗಾಳಿಕಿಂಡಿಯಲ್ಲಿ ಇಣುಕಬೇಕು. ಸಣ್ಣ ನೀಲಿ ಕಿಡಿ ಸಹಜ. ದೊಡ್ಡ ಹಳದಿ ಕಿಡಿ ಸುತ್ತಲೂ ಹಾರಿದರೆ ಕಾರ್ಬನ್ ಬ್ರಷ್ ಮುಗಿದಿರಬಹುದು, ಇಲ್ಲವೇ ಆರ್ಮೇಚರ್ ಕೆಟ್ಟಿರಬಹುದು. ಬ್ರಷ್ ಬದಲಿಸುವುದು ಸಣ್ಣ ಖರ್ಚು, ಆರ್ಮೇಚರ್ ಹಾಗಲ್ಲ. ಸ್ಪೀಡ್ ಗುಂಡಿ ತಿರುಗಿಸಿದಂತೆ ವೇಗ ಹಂತಹಂತವಾಗಿ ಏರಬೇಕು. ಅಮೆರಿಕದಿಂದ ಬಂಧುಗಳು ತಂದ ಮೆಷಿನ್ ಆದರೆ ಅದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಡಿಎ ಒಳಗಿನ ಕೌಂಟರ್‌ವೆಯ್ಟ್ ಇಂತಿಷ್ಟೇ ಅಳತೆಯ ಪ್ಯಾಡಿಗೆಂದು ಹೊಂದಿಸಿದ್ದು. ಅಳತೆ ತಪ್ಪಿದರೆ ಕೈ ನಡುಗುವಷ್ಟು ಅದುರುತ್ತದೆ. ಶಿವಾಜಿನಗರದ ಗುಜರಿ ಅಂಗಡಿಯಲ್ಲಾಗಲಿ, ಟೌನ್‌ಹಾಲ್ ಬಳಿಯ ಎಸ್‌ಜೆಪಿ ರಸ್ತೆಯಲ್ಲಾಗಲಿ, ನಾಲ್ಕಿಂಚಿನ ಗ್ರೈಂಡರ್ ತೋರಿಸಿ ಇದಕ್ಕೇ ಪ್ಯಾಡ್ ಹಾಕಿಕೊಳ್ಳಿ ಎಂದರೆ ಒಪ್ಪಬಾರದು. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಯಂತ್ರ, ಕ್ಷಣದಲ್ಲಿ ಬಣ್ಣ ಕಿತ್ತುಬರುತ್ತದೆ.

ಮೆಷಿನ್ ಹಳೆಯದಿರಲಿ, ಪ್ಯಾಡ್ ಮಾತ್ರ ಹೊಸದೇ ಆಗಬೇಕು. ಹಳೆಯ ಪ್ಯಾಡಿನೊಳಗೆ ಒಣಗಿ ಗಟ್ಟಿಯಾದ ಕಾಂಪೌಂಡ್ (ಒರಟು ಪಾಲಿಷ್), ಇನ್ಯಾವುದೋ ಕಾರಿನ ಮರಳು ಸೇರಿಕೊಂಡಿರುತ್ತದೆ. ತೆಗೆಯಲು ಹೊರಟ ಗೀರುಗಳನ್ನೇ ಅದು ಮತ್ತೆ ಹಾಕುತ್ತದೆ.

ಕೆಲಸ ನೆರಳಿನಲ್ಲೇ ಆಗಬೇಕು, ತಗಡು ತಣ್ಣಗಿರಬೇಕು. ಕಾರನ್ನು ಶಾಂಪೂ ಹಾಕಿ ತೊಳೆದು, ಅಂಟಿದ ಕಣಗಳನ್ನು ಕ್ಲೇ ಬಾರ್‌ನಿಂದ ತೆಗೆದು, ಬಾಗಿಲಂಚು, ರಬ್ಬರು, ಕಪ್ಪು ಪ್ಲಾಸ್ಟಿಕ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಬೇಕು. ಅಂಚು, ಮಡಿಕೆಗಳಲ್ಲಿ ಪದರ ಬೇಗ ಸವೆಯುತ್ತದೆ. ಮೊದಲು ಬಾನೆಟ್ಟಿನ ಒಂದು ಮೂಲೆಯಲ್ಲಿ ಮೃದು ಪ್ಯಾಡ್, ನಯವಾದ ಪಾಲಿಷ್‌ನಲ್ಲೇ ಪ್ರಯೋಗ ಮಾಡಿ, ಸಾಲದಿದ್ದರೆ ಮಾತ್ರ ಕಾಂಪೌಂಡಿಗೆ ಹೋಗುವುದು ಕ್ರಮ. ಬಿಳಿ ಪ್ಯಾಡಿಗೆ ಕಾರಿನ ಬಣ್ಣ ಹತ್ತಿದರೆ ಅದಕ್ಕೆ ಕ್ಲಿಯರ್ ಕೋಟ್ ಇಲ್ಲ ಅಥವಾ ಸವೆದುಹೋಗಿದೆ ಎಂದು ತಿಳಿದು ಕೈ ತಡೆಯಬೇಕು. ಎರಡಡಿ ಚೌಕದಷ್ಟು ಜಾಗಕ್ಕೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮೆಷಿನನ್ನು ಬಣ್ಣಕ್ಕೆ ತಾಗಿಸಿಯೇ ಚಾಲೂ ಮಾಡಿ, ನಿಧಾನವಾಗಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ ಸಾಗಿಸಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಪಾಲಿಷ್‌ನ ಎಣ್ಣೆ ಗೀರನ್ನು ಮುಚ್ಚಿಟ್ಟಿದ್ದರೆ ಆಗ ಬಯಲಾಗುತ್ತದೆ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಪಾಲಿಷ್‌ಗೆ ಹೋಗುವಂಥದ್ದಲ್ಲ; ಅದನ್ನು ಬಿಟ್ಟುಬಿಡುವುದೇ ವಿವೇಕ. ಕೊನೆಗೆ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಬೇಕು.

ಇಷ್ಟೆಲ್ಲ ಮಾಡಿ ಮರುದಿನ ಹತ್ತಾರು ಕಾರು ಒರೆಸಿದ ಅದೇ ಬಟ್ಟೆಯಲ್ಲಿ ಕಾರು ಒರೆಸಿದರೆ ಗೆರೆಗಳು ಮತ್ತೆ ಹುಟ್ಟುತ್ತವೆ. ಮೆಷಿನ್ ಕೊಳ್ಳುವ ಮೊದಲು ಕಾರು ಒರೆಸಲು ಬರುವವರಿಗೆ ಎರಡು ಬಕೆಟ್, ನಾಲ್ಕು ಮೈಕ್ರೊಫೈಬರ್ ಬಟ್ಟೆ ಕೊಡಿಸಿ. ಬಟ್ಟೆ ನೆಲಕ್ಕೆ ಬಿದ್ದರೆ ಒಗೆಯುವವರೆಗೆ ಬಳಸಬೇಡಿ ಎಂದು ಹೇಳಿ.