ಮೊಣಕಾಲಿನ ನೋವು, ಸೊಂಟದ ಮೂಲ

ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೆಟ್ಟಿಲಿಳಿಯುವಾಗ ಮೊಣಕಾಲು ಹಠಾತ್ತನೆ ಕುಸಿಯುತ್ತದೆ. ತೊಡೆಯ ಮುಂಭಾಗದಲ್ಲಿ ಉರಿಯಂಥ ನೋವು. ‘ವಯಸ್ಸಾಯಿತು, ಕೀಲು ಸವೆದಿದೆ’ ಎಂದು ಮನೆಯವರು ಎಣ್ಣೆ ತಿಕ್ಕುತ್ತಾರೆ. ಎಕ್ಸ್‌ರೇಯಲ್ಲಿ ಮೊಣಕಾಲಿನ ಸವೆತವೂ ಕಾಣುತ್ತದೆ. ಆ ವಯಸ್ಸಿನಲ್ಲಿ ಅದು ಸಾಮಾನ್ಯವೇ. ಆದರೆ ನೋವಿನ ಬೇರು ಸೊಂಟದಲ್ಲಿರುವುದೂ ಉಂಟು.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ, ಇವೇ ಡಿಸ್ಕುಗಳು. ಹೊರಗೆ ನಾರಿನ ಗಟ್ಟಿ ಉಂಗುರ, ಒಳಗೆ ಲೋಳೆಯಂಥ ತಿರುಳು. ಉಂಗುರ ಬಿರಿದು ತಿರುಳು ಹೊರಚಾಚಿದರೆ ನರ ಒತ್ತಿಹೋಗಿ ಕಾಲು ನೋಯುವುದೆಂಬುದನ್ನು 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಸ್ಪಷ್ಟಪಡಿಸಿದರು. ನಡುವಯಸ್ಸಿನವರಲ್ಲಿ ಬಹುತೇಕ ಬಿರಿಯುವುದು ಸೊಂಟದ ಕೊನೆಯ ಎರಡು ಡಿಸ್ಕುಗಳು. ನೋವು ಕಾಲಿನ ಹಿಂಬದಿಯಲ್ಲಿ ಪಾದದವರೆಗೆ ಇಳಿಯುತ್ತದೆ. ಮುಪ್ಪಿನಲ್ಲಾದರೋ ಮೇಲಿನ ಡಿಸ್ಕುಗಳು ಬಿರಿಯುವುದು, ತಿರುಳು ನರದ ಕಿಂಡಿಯಾಚೆ ಪಕ್ಕಕ್ಕೆ ಸರಿಯುವುದು ಹೆಚ್ಚು. ನಾಲ್ಕು-ಐದನೆಯ ಮಣಿಗಳ ನಡುವಣ ಡಿಸ್ಕು ಒಳಕ್ಕೆ ಚಾಚಿದರೆ ಸಾಮಾನ್ಯವಾಗಿ ಐದನೆಯ ನರಕ್ಕೆ ಪೆಟ್ಟು. ಪಕ್ಕದಾಚೆ ಚಾಚಿದರೆ ನಾಲ್ಕನೆಯದಕ್ಕೆ. ಆಗಲೇ ತೊಡೆ, ಮೊಣಕಾಲು ನೋಯುವುದು.

ಈ ಪಕ್ಕದ ಬಿರುಕನ್ನು 1974ರಲ್ಲಿ ಅಬ್ದುಲ್ಲಾ ಮತ್ತು ಸಂಗಡಿಗರು ವಿವರಿಸಿದರು. ಬೆನ್ನಿಗೆ ಬಣ್ಣದ ದ್ರವ ಹಾಯಿಸಿ ತೆಗೆಯುವ ಚಿತ್ರದಲ್ಲಿ ಅದು ಸಿಕ್ಕುತ್ತಿರಲಿಲ್ಲ, ಏಕೆಂದರೆ ದ್ರವ ಅಷ್ಟು ದೂರ ಹೋಗದು. ಇಂದಿನ ಎಂಆರ್‌ಐ ತೋರಿಸಬಲ್ಲದು; ಆದರೆ ನೋಡುವವರು ಕಿಂಡಿಯಾಚೆಗೂ ಕಣ್ಣು ಹಾಯಿಸಬೇಕು. ನೋವಿಲ್ಲದ ಹಿರಿಯರಲ್ಲೂ ಉಬ್ಬಿದ ಡಿಸ್ಕುಗಳು ಕಾಣುವುದರಿಂದ, ಚಿತ್ರಕ್ಕಿಂತ ಮೊದಲು ವೈದ್ಯರ ಕೈ ಮಾತಾಡಬೇಕು. ರೋಗಿಯನ್ನು ಬೋರಲು ಮಲಗಿಸಿ, ಮಂಡಿ ಮಡಿಸಿ ತೊಡೆಯನ್ನೆತ್ತಿದಾಗ ಮುಂದೊಡೆ ನೋಯುವುದೇ? ಮಂಡಿಯ ಕೆಳಗೆ ತಟ್ಟಿದಾಗ ಕಾಲಿನ ಚಿಮ್ಮು ಕುಂದಿದೆಯೇ? ಟೊಳ್ಳು ಮೂಳೆಯ ಮುರಿತ, ಕ್ಷಯ, ಅರ್ಬುದಗಳೂ ಹಿರಿಯರ ಬೆನ್ನನ್ನು ಕಾಡುವುದರಿಂದ ಜ್ವರ, ತೂಕದ ಇಳಿತ, ರಾತ್ರಿಯ ನೋವುಗಳನ್ನು ವಿಚಾರಿಸಲೇಬೇಕು.

ಅನೇಕರಿಗೆ ಕೆಲವು ವಾರಗಳಲ್ಲಿ ಔಷಧ, ಹಿತಮಿತ ನಡಿಗೆ, ವ್ಯಾಯಾಮಗಳಿಂದಲೇ ಗುಣವಾಗುತ್ತದೆ. ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ ಮಾಡಬಲ್ಲವು. ಅಂಗಡಿಯಿಂದ ತಾವೇ ತಂದು ನುಂಗುವುದು ಸಲ್ಲ. ನರದ ಬುಡಕ್ಕೆ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಕೆಲವರಿಗೆ ನೆರವಾಗುತ್ತದೆ. ಕಾಲಿನ ಬಲ ಕುಂದುತ್ತ ಹೋದರೆ, ನೋವು ಮಣಿಯದಿದ್ದರೆ ಶಸ್ತ್ರಚಿಕಿತ್ಸೆ; ಪಕ್ಕದ ಬಿರುಕನ್ನು ಪಕ್ಕದಿಂದಲೇ ತಲುಪಿ, ಮೂಳೆಯನ್ನು ಹೆಚ್ಚು ಕೆಡವದೆ ತಿರುಳನ್ನು ತೆಗೆಯಬಹುದು. ವಯಸ್ಸೊಂದೇ ಅದಕ್ಕೆ ಅಡ್ಡಿಯಲ್ಲ.

ಮೂತ್ರ ಕಟ್ಟಿದರೆ, ಗುದದ ಸುತ್ತ ಸ್ಪರ್ಶಜ್ಞಾನ ಹೋದರೆ ಅಂದೇ ಆಸ್ಪತ್ರೆ ಸೇರಬೇಕು. ಉಳಿದಂತೆ, ಮನೆಯ ಹಿರಿಯರು ‘ಕಾಲು ನಿಲ್ಲುತ್ತಿಲ್ಲ’ ಎಂದಾಗ ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆದುಬಿಡದೆ, ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಕೇಳಿ. ಆ ಉತ್ತರದಲ್ಲೇ ಅರ್ಧ ರೋಗನಿದಾನವಿದೆ.