ಸ್ತನ ಕ್ಯಾನ್ಸರ್‌ಗೆ ವೈರಸ್ ನಂಟು

ಪ್ರಶ್ನೆ: ಸ್ತನ ಕ್ಯಾನ್ಸರ್ ವೈರಸ್‌ನಿಂದಲೂ ಬರುತ್ತದೆಯೇ?

ಇಲಿಗಳಲ್ಲಿ ಹೌದು. ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ.

ಅಮೆರಿಕದ ವಿಜ್ಞಾನಿ ಜಾನ್ ಬಿಟ್ನರ್, ಕ್ಯಾನ್ಸರ್ ಹೆಚ್ಚಿದ್ದ ತಳಿಯ ಇಲಿಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಳಿಯ ತಾಯಿಯ ಹಾಲಿಗೆ ಬಿಟ್ಟರು. ಅವುಗಳಲ್ಲಿ ಗೆಡ್ಡೆಗಳು ತೀರಾ ಕಡಿಮೆಯಾದವು! ಇದು 1936ರ ವರದಿ. ಹಾಲಿನ ಮೂಲಕ ಮರಿಗೆ ದಾಟುತ್ತಿದ್ದದ್ದು ಒಂದು ರೆಟ್ರೋವೈರಸ್ ಎಂಬುದು ಆಮೇಲೆ ತಿಳಿಯಿತು.

ಈ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸಿ, ಸ್ತನದ ಜೀವಕೋಶದ ಡಿಎನ್‌ಎಯೊಳಗೆ ಎಲ್ಲೋ ಒಂದು ಕಡೆ ತೂರಿಸುತ್ತದೆ. ಬೆಳವಣಿಗೆಯ ಜೀನ್ ಪಕ್ಕದಲ್ಲಿ ಹೋಗಿ ಕೂತಿತೋ, ಕೆಟ್ಟಿತು. ತಿರುಪು ಸವೆದ ನಲ್ಲಿಯಂತೆ ಆ ಜೀನ್ ಮುಚ್ಚಿಕೊಳ್ಳುವುದೇ ಇಲ್ಲ, ಕೋಶ ವಿಭಜನೆಯಾಗುತ್ತಲೇ ಹೋಗುತ್ತದೆ. ಇಂಥದ್ದೊಂದು ಜೀನನ್ನು ರೋಯಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ 1982ರಲ್ಲಿ ಪತ್ತೆಮಾಡಿದರು.

ಮನುಷ್ಯರ ಗೆಡ್ಡೆಗಳಲ್ಲೂ ಈ ವೈರಸ್‌ ಅನ್ನು ಹೋಲುವ ತುಣುಕುಗಳು ಕೆಲವು ಪ್ರಯೋಗಾಲಯಗಳಿಗೆ ಸಿಕ್ಕಿವೆ, ಇನ್ನು ಕೆಲವಕ್ಕೆ ಸಿಕ್ಕಿಲ್ಲ. ಇಲಿಹಾಲಿನ ಕಥೆ ಕೇಳಿ ತಾಯಂದಿರು ಗಾಬರಿಯಾಗಬೇಕಿಲ್ಲ: ಎದೆಹಾಲುಣಿಸುವುದರಿಂದ ಅವರ ಸ್ತನ ಕ್ಯಾನ್ಸರ್ ಅಪಾಯ ತಗ್ಗುತ್ತದೆ.