ಹಿಮದೊಳಗಿನ ನೀರು ಅಳೆಯುವುದು ಹೇಗೆ?

ಮಳೆಯಾದರೆ ನಮಗೆ ಕಷ್ಟವಿಲ್ಲ. ಬೆಳಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದರೆ ಮುಗಿಯಿತು. ಬಿದ್ದದ್ದು ಹಿಮವಾದರೆ? ಅದೂ ತಿಂಗಳುಗಟ್ಟಲೆ ಕರಗದೆ ಬೆಟ್ಟದ ಮೇಲೇ ಕೂತರೆ?

ಅಮೆರಿಕದ ಕ್ಯಾಲಿಫೋರ್ನಿಯಾದ ಕೃಷಿಕರದು ಇದೇ ತಲೆಬಿಸಿ. ಬೇಸಿಗೆಯಲ್ಲಿ ಅಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ರಾಜ್ಯದ ನೀರಿನಲ್ಲಿ ಸುಮಾರು ಶೇ. 30 ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮ ಕರಗಿ ಬರುವಂಥದ್ದು. ಮಗಳ ಮನೆಗೆಂದು ಸ್ಯಾಕ್ರಮೆಂಟೊಗೆ ಹೋಗಿದ್ದಾಗ ಬಾದಾಮಿ ತೋಟವೊಂದನ್ನು ನೋಡಿದೆ. ಮಾರ್ಚ್ ಕೊನೆ. "ಈ ವರ್ಷ ನೀರು ಹೇಗೆ?" ಅಂತ ಕೇಳಿದೆ. "ಎಪ್ರಿಲ್ ಒಂದರ ಹಿಮದ ಲೆಕ್ಕ ಬರ್ಲಿ, ಆಮೇಲೆ ಹೇಳ್ತೇನೆ" ಅಂದರು ತೋಟದ ಯಜಮಾನರು.

ಆ ಹೊತ್ತಿಗೆ ಬೆಟ್ಟದಲ್ಲಿ ಹಿಮ ತುಂಬಿ ನಿಂತಿರುತ್ತದೆ. 2015ರ ಎಪ್ರಿಲ್ 1ರಂದು ಫಿಲಿಪ್ಸ್ ಎಂಬ ಅಳತೆಯ ಜಾಗದಲ್ಲಿ ಗವರ್ನರ್ ಜೆರ್ರಿ ಬ್ರೌನ್ ನಿಂತದ್ದು ಒಣಹುಲ್ಲಿನ ಮೇಲೆ! ರಾಜ್ಯದ ಹಿಮ ಸರಾಸರಿಯ ಶೇ. 5 ಮಾತ್ರ. ಕೇಂದ್ರ ಸರಕಾರದ ಕಾಲುವೆ ಯೋಜನೆಯಿಂದ ಆ ವರ್ಷ ಬಹಳಷ್ಟು ಕೃಷಿಕರಿಗೆ ಹನಿ ನೀರೂ ಸಿಗಲಿಲ್ಲ. 5 ಲಕ್ಷ ಎಕರೆಗೂ ಹೆಚ್ಚು ಭೂಮಿ ಪಾಳು ಬಿತ್ತು. 2023ರಲ್ಲಿ ಇದರ ತದ್ವಿರುದ್ಧ. ಹಿಮ ಸರಾಸರಿಯ ಎರಡು ಪಟ್ಟು ಮೀರಿತು. ಹಿಂದಿನವರು ಬತ್ತಿಸಿ ಹೊಲ ಮಾಡಿಕೊಂಡಿದ್ದ ಟುಲಾರೆ ಸರೋವರ ಮತ್ತೆ ತುಂಬಿ ಬೆಳೆ ಮುಳುಗಿತು.

ಹಿಮ ಎಷ್ಟು ಅಡಿ ಇದೆ ಅಂತ ತಿಳಿದರೆ ಸಾಲದು. ಹೊಸ ಹಿಮ ಹಿಂಜಿದ ಹತ್ತಿಯ ಹಾಗೆ. ಹತ್ತು ಇಂಚು ಕರಗಿಸಿದರೆ ಹೆಚ್ಚುಕಡಿಮೆ ಒಂದಿಂಚು ನೀರು. ಕುಸಿದು ಗಟ್ಟಿಯಾದ ಹಳೆ ಹಿಮದಲ್ಲಿ ಅದೇ ಹತ್ತು ಇಂಚಿಗೆ ನಾಲ್ಕೈದು ಇಂಚು ನೀರು. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇದಕ್ಕೆ ದಾರಿ ಹುಡುಕಿದವರು ಜೇಮ್ಸ್ ಚರ್ಚ್. ಟೊಳ್ಳು ಕೊಳವೆಯನ್ನು ನೆಲದವರೆಗೆ ಚುಚ್ಚಿ, ಹಿಮ ಸಮೇತ ಎತ್ತಿ ತೂಗುವುದು. ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದದ್ದು ಲ್ಯಾಟಿನ್ ಭಾಷೆ ನೋಡಿ! ಇವತ್ತಿಗೂ ಕೊಳವೆ ಬಿಟ್ಟಿಲ್ಲ.

ಉಪಗ್ರಹ ಇದೆಯಲ್ಲ ಅಂತ ನೀವು ಕೇಳಬಹುದು. ಹಿಮ ಎಷ್ಟು ದೂರ ಹಬ್ಬಿದೆ ಎಂದು ಹೇಳುವುದು ಅದಕ್ಕೆ ಸುಲಭ. ಮೋಡವೂ ಬಿಳಿ, ಹಿಮವೂ ಬಿಳಿ. ಆದರೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಅವಗೆಂಪು ಬೆಳಕಿನಲ್ಲಿ ಹಿಮ ಕಪ್ಪಾಗಿ ಕಾಣುತ್ತದೆ. ಹಾಗೆ ಎರಡನ್ನೂ ಬೇರ್ಪಡಿಸುತ್ತಾರೆ. ಮೋಡದಡಿಯ ಹಿಮ ಮಾತ್ರ ಕಾಣದು.

ಆಳ ತಿಳಿಯಲು ಬೇರೆ ಉಪಾಯ. ನೆಲ ತಾನಾಗಿಯೇ ಸಣ್ಣಗೆ ಮೈಕ್ರೋವೇವ್ ಅಲೆ ಹೊರಸೂಸುತ್ತಿರುತ್ತದೆ. ಹಿಮದ ಹರಳುಗಳು ಅದನ್ನು ಚದುರಿಸುತ್ತವೆ. 37 ಗಿಗಾಹರ್ಟ್ಸ್ ಅಲೆ ಹೆಚ್ಚು ಚದುರುತ್ತದೆ, 19ರದ್ದು ಕಡಿಮೆ. ಇವೆರಡರ ವ್ಯತ್ಯಾಸ ಹೆಚ್ಚಿದ್ದಷ್ಟೂ ಹಿಮ ದಪ್ಪ. ರಾತ್ರಿ, ಮೋಡ ಅಡ್ಡಿಯಿಲ್ಲ. 1978ರಲ್ಲಿ ಹಾರಿದ ನಿಂಬಸ್-7ರಿಂದಲೇ ಈ ಲೆಕ್ಕ ನಡೆದಿದೆ.

ಆದರೆ ಉಪಗ್ರಹ ಕೊಡುವ ಒಂದೊಂದು ಚೌಕ ಸುಮಾರು 25 ಕಿ.ಮೀ. ಅಗಲ. ಶಿಖರ, ಕಣಿವೆ, ಕಾಡು ಎಲ್ಲ ಒಂದೇ ಚೌಕದೊಳಗೆ! ಹಿಮ ಒಂದು ಮೀಟರಿನ ಆಚೀಚೆ ದಾಟಿದರೆ ಲೆಕ್ಕ ನಿಂತುಹೋಗುತ್ತದೆ. ಸಮತಟ್ಟಾದ ಬಯಲಿಗೆ ಪರವಾಗಿಲ್ಲ, ಸಿಯೆರಾದಂಥ ಬೆಟ್ಟಕ್ಕೆ ಸಾಲದು. ಅದಕ್ಕೇ 2013ರಿಂದ ಅಲ್ಲಿ ವಿಮಾನದಿಂದ ಲೇಸರ್ ಅಳತೆ ಶುರುವಾಯಿತು. ಹಿಮವಿಲ್ಲದಾಗ ಒಮ್ಮೆ, ಇರುವಾಗ ಒಮ್ಮೆ ಅಳೆದು ಕಳೆದರೆ ಆಳ ಸಿಕ್ಕಿತು. ನನಗೆ ಇದೇ ಹೆಚ್ಚು ನಂಬಿಕೆಯದ್ದು ಅನಿಸುತ್ತದೆ. ಖರ್ಚು ಮಾತ್ರ ಜೋರು.

ಅಳತೆ ಸರಿಯಿದ್ದರೂ ನೀರು ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. 2021ರ ಎಪ್ರಿಲ್‌ನಲ್ಲಿ ಹಿಮ ಸರಾಸರಿಯ ಶೇ. 59 ಇತ್ತು. ಹೊಳೆಗೆ ಇಳಿದದ್ದು ಅಂದಾಜಿಗಿಂತ ಎಷ್ಟೋ ಕಡಿಮೆ. ಒಣಗಿದ್ದ ಮಣ್ಣೇ ಕುಡಿದುಬಿಟ್ಟಿತ್ತು. ಮೊದಲ ಮಳೆಗೆ ನಮ್ಮ ತೋಟದ ತೋಡು ಹರಿಯುತ್ತದೆಯೇ ಹೇಳಿ?

ಈಗ ಹೊಸ ನಿರೀಕ್ಷೆ ಇಸ್ರೊ-ನಾಸಾ ಜಂಟಿ ಉಪಗ್ರಹ ನೈಸಾರ್. ಬೆಂಗಳೂರಿನಲ್ಲೇ ಜೋಡಿಸಿದ್ದು, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿತು. ಅದರ ರೇಡಾರ್ ಅಲೆ ಒಣ ಹಿಮವನ್ನು ತೂರಿ ನೆಲ ಮುಟ್ಟಿ ಮರಳುತ್ತದೆ. ಹಿಮದೊಳಗೆ ಅಲೆಯ ಓಟ ನಿಧಾನ. 12 ದಿನ ಬಿಟ್ಟು ಅದೇ ಜಾಗಕ್ಕೆ ಬಂದಾಗ ಎಷ್ಟು ತಡವಾಯಿತೆಂದು ನೋಡಿ, ನಡುವೆ ಎಷ್ಟು ನೀರಿನ ಹಿಮ ಸೇರಿತೆಂದು ಅಂದಾಜಿಸಬಹುದು. ಹಿಮ ಒದ್ದೆಯಾದರೆ ಇದೂ ಕೈಕೊಡುತ್ತದೆ. ಆಗ ಪುನಃ ಕೊಳವೆ, ತಕ್ಕಡಿ.